ಗಾಡಿ ಎತ್ತುವ ಮುನ್ನ ಹೊರೆ ತೂಗಿ

ಮಳೆ ನಿಂತು ಕಾಫಿ ಕೊಯ್ಲು ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಗ್ಯಾರೇಜುಗಳಲ್ಲಿ ಕೇಳಿಬರುವ ಬೇಡಿಕೆ: ಪಿಕಪ್ ಎರಡಿಂಚು ಎತ್ತಿ ಕೊಡಿ! ಸ್ಪ್ರಿಂಗ್ ಎಂಥದ್ದು ಬೇಕು, ಶಾಕ್ ಅಬ್ಸಾರ್ಬರ್ ಯಾವುದು ಸರಿ, ಎಷ್ಟು ಎತ್ತಿದರೆ ಸಾಕು, ಎಲ್ಲಿಗೆ ನಿಲ್ಲಿಸಬೇಕು? ಸಂಸೆಯ ಏರು ದಾರಿಯಲ್ಲಿ ದುಡಿಯುವ ಗಾಡಿಯ ಲೆಕ್ಕಾಚಾರ ಇಲ್ಲಿದೆ.

ನವೆಂಬರ್ ತಿಂಗಳ ಬೆಳಗು. ಸಂಸೆಯ ಡಾಂಬರು ರಸ್ತೆ ಬಿಟ್ಟು ಪಿಕಪ್ಪೊಂದು ತೋಟದ ಏರಿಗೆ ತಿರುಗಿದೆ. ಗೊಬ್ಬರದ ಮೂಟೆಗಳ ಭಾರಕ್ಕೆ ಹಿಂಭಾಗ ಕುಸಿದು ಮೂತಿ ಮೇಲೆದ್ದಿದೆ. ನಾಲ್ಕು ತಿಂಗಳ ಮಳೆ ದಾರಿಯ ಮಣ್ಣನ್ನೆಲ್ಲ ಹಳ್ಳಕ್ಕೆ ಸೇರಿಸಿ, ಎರಡೂ ಬದಿಗೆ ಆಳದ ಕೊರಕಲು, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿಸಿ ಹೋಗಿದೆ.

ಡ್ರೈವರ್ ಒಂದನೇ ಗೇರಿನಲ್ಲಿ ಎಡ ಚಕ್ರವನ್ನು ದಿಬ್ಬಕ್ಕೆ ಹತ್ತಿಸಲು ನೋಡುತ್ತಾನೆ. ಚಕ್ರ ಜಾರಿ ಕೊರಕಲಿಗೆ ಇಳಿಯುತ್ತದೆ. ತಳಕ್ಕೆ ಕಲ್ಲು ಬಡಿದ ಸದ್ದು. ಹಿಂದೆ ನಿಂತಿದ್ದ ಇಬ್ಬರು ಧುಮುಕಿ ಚಕ್ರದಡಿ ಕಲ್ಲು ಕೊಡುತ್ತಾರೆ. ಹೊಗೆಯುಗುಳುತ್ತ, ಮಣ್ಣು ಎರಚುತ್ತ ಗಾಡಿ ಅಂತೂ ಮೇಲೆ ಬರುತ್ತದೆ.

ಇದಾದ ಮೇಲೆ ಗ್ಯಾರೇಜಿನಲ್ಲಿ ನಡೆಯುವ ಮಾತು ಮಲೆನಾಡಿನವರಿಗೆಲ್ಲ ಗೊತ್ತು.

“ತಳ ಬಡೀತದೆ ಮಾರಾಯ. ಸ್ವಲ್ಪ ಎತ್ತಿ ಕೊಡು.”

“ಎಷ್ಟು ಇಂಚು ಎತ್ತಣ ಗೌಡ್ರೆ?”

ಮಾತು ಇಂಚಿನಿಂದ ಶುರುವಾದರೆ ದುಡ್ಡು ಹೋಗುವ ದಾರಿ ತೆರೆಯಿತೆಂದೇ ಲೆಕ್ಕ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದೆ: ಗಾಡಿ ಮೇಲೆ ಹೊರೆ ಎಷ್ಟು? ಅದರಲ್ಲಿ ಸದಾ ಇರುವುದೆಷ್ಟು, ಹತ್ತಿ ಇಳಿಯುವುದೆಷ್ಟು? ಈ ಅಂಕಿ ಕೈಯಲ್ಲಿದ್ದರೆ ಸ್ಪ್ರಿಂಗ್ ಆಯ್ಕೆ ಸುಲಭ. ಇಲ್ಲದಿದ್ದರೆ ಎಷ್ಟೇ ದುಬಾರಿ ಸಾಮಾನು ಹಾಕಿದರೂ ಗಾಡಿ ಖಾಲಿಯಿದ್ದಾಗ ಕುಪ್ಪಳಿಸುತ್ತದೆ, ತುಂಬಿದಾಗ ಕುಸಿಯುತ್ತದೆ.

ಜೀಪಿನ ಸೀಮೆ

ಸಂಸೆ ಇರುವುದು ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ. ಚಹಾ ತೋಟ, ಕಾಫಿ, ಅಡಿಕೆ, ಕಾಳುಮೆಣಸು. ಅದರಾಚೆ ಶೋಲಾ ಕಾಡು, ಹುಲ್ಲುಗಾವಲು. 1,894 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಚಾರಣ ಹೊರಟವರು ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪು ಹತ್ತುವುದು ಇಲ್ಲಿಯೇ. ಹೊರನಾಡಿನ ಬಳಿಯ ಕ್ಯಾತನಮಕ್ಕಿ ಗುಡ್ಡಕ್ಕೂ ಪ್ರವಾಸಿಗರನ್ನು ಹೊತ್ತೊಯ್ಯುವುದು ಜೀಪೇ.

ಕುದುರೆಮುಖ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ. ಇಂಥ ಮಳೆಗೆ ಮಣ್ಣಿನ ದಾರಿ ವರ್ಷವರ್ಷವೂ ರೂಪ ಬದಲಿಸುತ್ತದೆ. ಹೋದ ಬೇಸಿಗೆಯಲ್ಲಿ ಕಾರು ಹೋಗುತ್ತಿದ್ದ ಕಡೆ ಈ ಸಲ ನಾಲ್ಕು ಚಕ್ರವೂ ಎಳೆಯುವ ಗಾಡಿಯೇ ಬೇಕಾಗಬಹುದು.

ಇಲ್ಲಿನ ತೋಟಗಳಿಗೆ ಮೊದಲು ಒಗ್ಗಿದ್ದು ಜೀಪು. ಅದರ ನಾಲ್ಕು ಮೂಲೆಯಲ್ಲೂ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಒಂದು ಪ್ಲೇಟು ಮುರಿದರೆ ಅದನ್ನೇ ಬಿಚ್ಚಿ ಹೊಸದು ಸೇರಿಸಿದರಾಯಿತು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಲುಕಾಟವೂ ತಕ್ಕಮಟ್ಟಿಗೆ ತಾನೇ ತಗ್ಗುತ್ತಿತ್ತು. ಮೈಕೈ ನೋವು ಪ್ರಯಾಣಿಕರ ಪಾಲಿಗೆ. ಗಾಡಿ ಮಾತ್ರ ಗಟ್ಟಿ.

ಪಿಕಪ್ ಬಂದ ಮೇಲೆ ಕತೆ ಬದಲಾಯಿತು. ಹೊರೆಗೆಂದೇ ಮಾಡಿದ ಕೆಲವು ಗಾಡಿಗಳಲ್ಲಿ ಮುಂದೆಯೂ ಪಟ್ಟಿಯೇ ಉಳಿದಿದೆ. ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥವುಗಳಲ್ಲಿ ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಆಡುತ್ತವೆ. ಅಲ್ಲಿ ಕಾಯಿಲ್ ಸ್ಪ್ರಿಂಗ್, ಅದರ ನಡುವೆ ಶಾಕ್ ಅಬ್ಸಾರ್ಬರ್. ಹಿಂದೆ ಮಾತ್ರ ಹಳೆಯ ಕಮಾನು ಪಟ್ಟಿ. ಒಂದೇ ಗಾಡಿಯಲ್ಲಿ ಎರಡು ಬಗೆಯ ಸಸ್ಪೆನ್ಷನ್ ಇರುವುದರಿಂದ ಎತ್ತುವ ಲೆಕ್ಕವೂ ಎರಡು.

▪ ಬಾಕ್ಸ್: ಪಟ್ಟಿಯಿಂದ ಕಾಯಿಲ್‌ವರೆಗೆ

• 1947: ಮಹೀಂದ್ರ ಕಂಪನಿ ಭಾರತದಲ್ಲಿ ವಿಲ್ಲಿಸ್ ಜೀಪ್ ಜೋಡಣೆಗೆ ಕೈಹಾಕಿತು. ನಾಲ್ಕೂ ಕಡೆ ಕಮಾನು ಪಟ್ಟಿ.

• 1985: ಮಾರುತಿ ಜಿಪ್ಸಿ ಬಂತು. ಅದರಲ್ಲೂ ನಾಲ್ಕೂ ಕಡೆ ಪಟ್ಟಿ.

• 2010: ಮೊದಲ ಮಹೀಂದ್ರ ಥಾರ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಪಟ್ಟಿ.

• 2016: ಇಸುಝು ವಿ-ಕ್ರಾಸ್ ಭಾರತದ ಮಾರುಕಟ್ಟೆಗೆ. ಮುಂದೆ ಕಾಯಿಲ್, ಹಿಂದೆ ಪಟ್ಟಿ.

• 2020: ಹೊಸ ಥಾರ್. ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್.

• 2022: ಟೊಯೋಟಾ ಹೈಲಕ್ಸ್ ಭಾರತಕ್ಕೆ. ಜೋಡಣೆ ನಮ್ಮದೇ ಬಿಡದಿಯ ಕಾರ್ಖಾನೆಯಲ್ಲಿ.

ಬಡಿಯುವುದು ಎಲ್ಲಿ?

ತಳ ಬಡಿಯುತ್ತದೆ ಎಂದರೆ ಸಾಲದು, ಎಲ್ಲಿ ಬಡಿಯುತ್ತದೆ ಎಂದು ಮೊದಲು ನೋಡಬೇಕು. ಗಾಡಿಯಡಿ ಮಲಗಿ ಗೀರು ಬಿದ್ದ ಜಾಗ ಹುಡುಕಿದರೆ ಉತ್ತರ ಅಲ್ಲೇ ಇರುತ್ತದೆ.

ಮುಂದಿನ ಬಂಪರಿನ ಕೆಳತುದಿ ಗೀರಿದ್ದರೆ ಏರು ಶುರುವಾಗುವ ಜಾಗದಲ್ಲಿ ಮೂತಿ ತಾಗುತ್ತಿದೆ. ನಡುವಿನ ಚಾಸಿ, ಮೆಟ್ಟಿಲು, ಗೇರ್‌ಬಾಕ್ಸ್‌ನ ಕೆಳಭಾಗ ತಗ್ಗಾಗಿದ್ದರೆ ದಿಬ್ಬದ ನೆತ್ತಿ ದಾಟುವಾಗ ತಳ ಕೂರುತ್ತಿದೆ. ಈ ಎರಡಕ್ಕೂ ಸ್ಪ್ರಿಂಗ್ ಎತ್ತರಿಸುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಗೀರು ಬಿದ್ದದ್ದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಉಬ್ಬಿಗೋ? ಹಾಗಿದ್ದರೆ ನಾಲ್ಕಿಂಚು ಎತ್ತಿದರೂ ಪ್ರಯೋಜನವಿಲ್ಲ. ಸ್ಪ್ರಿಂಗ್ ಕೂತಿರುವುದು ಆಕ್ಸಲ್ ಮೇಲೆ, ಮೇಲೇಳುವುದು ಬಾಡಿ ಮಾತ್ರ. ಆಕ್ಸಲ್ಲು ನೆಲದಿಂದ ಮೊದಲು ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಇರುತ್ತದೆ.

ಆಕ್ಸಲ್ಲನ್ನು ಎತ್ತುವುದು ಟೈರು ಒಂದೇ. 245/70 ಆರ್16 ಅಳತೆಯ ಟೈರಿನ ಒಟ್ಟು ವ್ಯಾಸ ಸುಮಾರು 749 ಮಿ.ಮೀ. 265/70 ಆರ್16 ಟೈರಿನದು 777 ಮಿ.ಮೀ. ವ್ಯತ್ಯಾಸದ ಅರ್ಧ, ಅಂದರೆ 14 ಮಿ.ಮೀ., ಆಕ್ಸಲ್ ಅಡಿ ಸಿಗುವ ಜಾಗ. ಕೇಳಲು ಚಿಕ್ಕದು; ಕಾಡುಗಲ್ಲು ತಾಗುವುದಕ್ಕೂ ತಪ್ಪುವುದಕ್ಕೂ ಎಷ್ಟೋ ಸಲ ಅಷ್ಟೇ ಅಂತರ.

ಇನ್ನೂ ಒಂದು ಪರೀಕ್ಷೆ ಬೇಕು. ಖಾಲಿ ಗಾಡಿಯೂ ಬಡಿಯುತ್ತದೆಯೋ, ಹೊರೆ ಹಾಕಿದಾಗ ಮಾತ್ರವೋ? ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆಯಿರಿ. ತುಂಬಿದ ಮೇಲೆ ಮತ್ತೆ ಅಳೆಯಿರಿ. ಹಿಂಭಾಗ 100 ಮಿ.ಮೀ. ಕುಸಿದಿದ್ದರೆ ಬೇಕಾಗಿರುವುದು ಎತ್ತರಿಸುವ ಕಿಟ್ ಅಲ್ಲವೇ ಅಲ್ಲ. ಇದ್ದ ಎತ್ತರವನ್ನು ಹೊರೆಯಡಿಯಲ್ಲೂ ಉಳಿಸಿಕೊಳ್ಳುವ ಪಟ್ಟಿ. ಕೆಲವೊಮ್ಮೆ ಹಳೆಯ ಪಟ್ಟಿಗಳ ಬಾಗು ಸತ್ತು ಹೋಗಿರುತ್ತದೆ. ಹೊಸ ಸೆಟ್ಟು ಹಾಕಿದ ಕೂಡಲೇ ಕಳೆದುಹೋಗಿದ್ದ ಎತ್ತರ ಮರಳಿ ಬರುತ್ತದೆ.

ಹೊರುವ ಕೆಲಸ ಸ್ಪ್ರಿಂಗಿನದು

ಸ್ಪ್ರಿಂಗಿನ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟ. ಭಾರ ಎಷ್ಟು ಪಾಲು ಹೆಚ್ಚಿತೋ ಸ್ಪ್ರಿಂಗ್ ಅಷ್ಟೇ ಪಾಲು ಕುಗ್ಗುತ್ತದೆ. ಒಂದು ಮಿ.ಮೀ. ಕುಗ್ಗಲು 10 ಕೆ.ಜಿ. ಬೇಡುವ ಸ್ಪ್ರಿಂಗ್ ಮೇಲೆ 300 ಕೆ.ಜಿ. ಇಟ್ಟರೆ 30 ಮಿ.ಮೀ. ಇಳಿಯುತ್ತದೆ. ಬಿಗಿ ಎಂದು ನಾವು ಕರೆಯುವುದು ಈ ಲೆಕ್ಕವನ್ನೇ.

ಈ ಬಿಗಿ ಎಲ್ಲಿಂದ ಬರುತ್ತದೆ? ಕಂಬಿಯ ದಪ್ಪದಿಂದ, ಸುರುಳಿಯ ಅಗಲದಿಂದ, ಸುತ್ತುಗಳ ಸಂಖ್ಯೆಯಿಂದ. ಇದರಲ್ಲಿ ಕಂಬಿಯ ದಪ್ಪವೇ ದೊಡ್ಡ ಯಜಮಾನ. ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಬಿಗಿ ಏರುತ್ತದೆ. 12 ಮಿ.ಮೀ. ಕಂಬಿಯ ಬದಲು 13 ಮಿ.ಮೀ. ಬಳಸಿ ಉಳಿದದ್ದನ್ನೆಲ್ಲ ಹಾಗೇ ಇಟ್ಟರೂ ಬಿಗಿ ಸುಮಾರು ಶೇ 38ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದಷ್ಟೇ ದಪ್ಪ ಹೆಚ್ಚಿರುವ ಸ್ಪ್ರಿಂಗ್ ಹಾಕಿಸಿಕೊಂಡವರ ಸೊಂಟ ಹಿಡಿಯುವುದು ಇದೇ ಕಾರಣಕ್ಕೆ.

ಮುಂಭಾಗವನ್ನು ಕಾಯಿಲ್‌ನಿಂದ ಎತ್ತಲು ಎರಡು ದಾರಿ. ಒಂದು, ಅದೇ ಬಿಗಿಯ, ತುಸು ಉದ್ದದ ಸ್ಪ್ರಿಂಗ್. ಇನ್ನೊಂದು, ಹೆಚ್ಚು ಬಿಗಿಯದು. ಗಾಡಿಯ ಮೂತಿಗೆ ಹೊಸ ತೂಕವೇನೂ ಸೇರಿಲ್ಲ ಎಂದಾದರೆ ಮೊದಲನೆಯದೇ ಸರಿ. ವಿಂಚ್, ದೊಡ್ಡ ಬ್ಯಾಟರಿ, ಕಬ್ಬಿಣದ ತಳರಕ್ಷೆಯಂಥ ತೂಕ ಕಾಯಂ ಆಗಿ ಕೂತಿದ್ದರೆ ಎರಡನೆಯದು ಬೇಕು. ಆಸ್ಟ್ರೇಲಿಯದ ಸಸ್ಪೆನ್ಷನ್ ತಯಾರಕರು ಒಂದೇ ಗಾಡಿಗೆ ಮೂರ್ನಾಲ್ಕು ಬಗೆಯ ಸ್ಪ್ರಿಂಗ್ ಮಾರುವುದು ಈ ಲೆಕ್ಕದ ಮೇಲೆಯೇ. ಮುಂದೆ ಇಷ್ಟು ಕೆ.ಜಿ., ಹಿಂದೆ ಇಷ್ಟು ಕೆ.ಜಿ. ಎಂದು ಹೇಳಿದರೆ ಅದಕ್ಕೆ ತಕ್ಕ ನಂಬರಿನ ಸ್ಪ್ರಿಂಗ್ ಸಿಗುತ್ತದೆ. ನಮ್ಮಲ್ಲೂ ಕೊಳ್ಳುವವರು ಹಾಗೆಯೇ ಕೇಳಬೇಕು.

ಹಿಂಭಾಗದ ಲೆಕ್ಕ ಇನ್ನೂ ಕಠಿಣ. ಪಿಕಪ್ಪಿನ ಹಿಂದಿನ ಆಕ್ಸಲ್ ಬೆಳಿಗ್ಗೆ ಖಾಲಿ, ಮಧ್ಯಾಹ್ನ ಒಂದು ಟನ್ನಿನ ಕೆಳಗೆ. ಒಂದು ಟನ್ನಿಗೆ ಹೊಂದುವ ಪಟ್ಟಿ ಖಾಲಿ ಗಾಡಿಯನ್ನು ಹೊಂಡಹೊಂಡಕ್ಕೂ ಎಗರಿಸುತ್ತದೆ. ಅದಕ್ಕೇ ಕಂಪನಿಯವರು ಕೆಳಗಡೆ ದಪ್ಪದ, ಹೆಚ್ಚು ನೆಟ್ಟಗಿನ ಪ್ಲೇಟು ಕೊಟ್ಟಿರುತ್ತಾರೆ. ಮೇಲಿನವು ಬಾಗಿ ಬಂದು ತಾಗಿದಾಗಷ್ಟೇ ಅದು ಭಾರ ಹೊರಲು ಸೇರುತ್ತದೆ.

ಪ್ರತಿದಿನ ಮುಕ್ಕಾಲು ಹೊರೆ ಹೊರುವ ಗಾಡಿಗೆ ಒಂದು ಪ್ಲೇಟು ಸೇರಿಸುವುದು ನ್ಯಾಯ. ವರ್ಷದಲ್ಲಿ ಕೊಯ್ಲಿನ ಎರಡು ತಿಂಗಳು ಮಾತ್ರ ಹೊರೆ, ಉಳಿದಂತೆ ಸಂತೆಗೆ, ಶಾಲೆಗೆ, ದೇವಸ್ಥಾನಕ್ಕೆ ಓಡುವ ಗಾಡಿಯಾದರೆ ಕಂಪನಿಯ ಪಟ್ಟಿಯನ್ನೇ ಉಳಿಸಿಕೊಂಡು, ಹೊರೆಯನ್ನು ಎರಡು ಟ್ರಿಪ್ಪಿಗೆ ಹಂಚುವುದು ಲೇಸು.

▪ ಬಾಕ್ಸ್: ತೂಕದ ಲೆಕ್ಕ

• 200 ಲೀಟರ್ ನೀರಿನ ಡ್ರಮ್ಮು: ನೀರೇ 200 ಕೆ.ಜಿ. ಬೋರ್ಡೊ ಸಿಂಪಡಣೆಗೆ ಮೂರು ಡ್ರಮ್ ಹೊರಟರೆ 600 ಕೆ.ಜಿ.

• ರಸಗೊಬ್ಬರ: 50 ಕೆ.ಜಿ.ಯ 20 ಮೂಟೆ ಅಂದರೆ ಒಂದು ಟನ್. ಯೂರಿಯಾ ಮೂಟೆ 45 ಕೆ.ಜಿ.

• ಮಾರಾಟಕ್ಕೆ ಸಿದ್ಧವಾದ ಕಾಫಿ: 50 ಕೆ.ಜಿ.ಯ ಮೂಟೆ. 15 ಮೂಟೆಗೆ 750 ಕೆ.ಜಿ.

• ತೂಗುವುದು ಹೇಗೆ: ವೇಬ್ರಿಡ್ಜ್ ಮೇಲೆ ಮೊದಲು ಮುಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ಒಂದು ತೂಕ. ಆಮೇಲೆ ಇಡೀ ಗಾಡಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಮೇಲಿನ ಭಾರ. ಖಾಲಿ ಇದ್ದಾಗ ಒಮ್ಮೆ, ಎಂದಿನ ಹೊರೆಯೊಂದಿಗೆ ಒಮ್ಮೆ ತೂಗಿ.

ತಡೆಯುವ ಕೆಲಸ ಶಾಕ್ ಅಬ್ಸಾರ್ಬರ್‌ದು

ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ. ದಪ್ಪ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿ ಏಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಸ್ಪ್ರಿಂಗ್ ಜೋಕಾಲಿಯ ಹಾಗೆ, ಒಮ್ಮೆ ತಳ್ಳಿದರೆ ಆಡುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈ ಶಾಕ್ ಅಬ್ಸಾರ್ಬರ್.

ಒಳಗಿರುವುದು ಎಣ್ಣೆ, ಪಿಸ್ಟನ್, ಸಣ್ಣ ಕವಾಟಗಳು. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ಕಿಂಡಿಗಳಲ್ಲಿ ತೂರಬೇಕು. ಹಾಗೆ ತೂರುವಾಗ ಕುಲುಕಾಟದ ಶಕ್ತಿಯೆಲ್ಲ ಶಾಖವಾಗುತ್ತದೆ. ಕೆಟ್ಟ ದಾರಿಯಲ್ಲಿ ಓಡಿಬಂದ ಗಾಡಿಯ ಶಾಕ್ ಅಬ್ಸಾರ್ಬರ್ ಮುಟ್ಟಿದರೆ ಬಿಸಿ ಇರುವುದು ಅದಕ್ಕೇ. ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದೇ ಅನುಮಾನಿಸಬೇಕು.

ಸ್ಪ್ರಿಂಗ್ ಬಿಗಿಯಾದರೆ ಅದು ಮರಳಿ ಚಿಮ್ಮುವ ಜೋರೂ ಹೆಚ್ಚು. ಹಳೆಯ ಶಾಕ್ ಅಬ್ಸಾರ್ಬರ್ ಅದನ್ನು ತಡೆಯಲಾರದು. ಹಾಗಾಗಿ ಸ್ಪ್ರಿಂಗ್ ಬದಲಿಸಿದಾಗ ಶಾಕ್ ಅಬ್ಸಾರ್ಬರ್ ಕೂಡ ಅದಕ್ಕೆ ಹೊಂದುವಂಥದ್ದೇ ಬೇಕು. ಎರಡನ್ನೂ ಒಂದೇ ತಯಾರಕರಿಂದ ಜೋಡಿಯಾಗಿ ಕೊಳ್ಳುವುದು ಒಳ್ಳೆಯದು ಎನ್ನುವುದು ಈ ಕಾರಣಕ್ಕೆ.

ಉದ್ದವೂ ಅಷ್ಟೇ ಮುಖ್ಯ. ಗಾಡಿ 50 ಮಿ.ಮೀ. ಎದ್ದು ಶಾಕ್ ಅಬ್ಸಾರ್ಬರ್ ಹಳೆಯದೇ ಉಳಿದರೆ ಅದು ಯಾವಾಗಲೂ ಅರ್ಧ ಎಳೆದುಕೊಂಡೇ ಇರುತ್ತದೆ. ಚಕ್ರ ಕೊರಕಲಿಗೆ ಇಳಿಯುವಾಗ ಪೂರ್ತಿ ಉದ್ದಕ್ಕೆ ಬಂದು ‘ಟಕ್’ ಎಂದು ನಿಲ್ಲುತ್ತದೆ. ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತೂಗುತ್ತದೆ. ಹಿಡಿತ ಬೇಕಾದ ಜಾಗದಲ್ಲೇ ಹಿಡಿತ ತಪ್ಪಿತು. ಅಂಥ ಏಟುಗಳನ್ನು ತಿಂದು ಕೊನೆಗೆ ಶಾಕ್ ಅಬ್ಸಾರ್ಬರ್‌ನ ಕಟ್ಟೇ ಕಿತ್ತುಬರುತ್ತದೆ.

ಒಂದು ಕೊಳವೆಯೋ, ಎರಡೋ?

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಕೊಳವೆಯೊಳಗೊಂದು ಕೊಳವೆ ಇರುವ ಟ್ವಿನ್ ಟ್ಯೂಬ್ ಒಂದು. ಒಂದೇ ಕೊಳವೆಯ ಮೋನೋಟ್ಯೂಬ್ ಮತ್ತೊಂದು. ಎರಡನೆಯದನ್ನು 1950ರ ದಶಕದಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ಬೂರ್ಸಿಯೇ ದ ಕಾರ್ಬೋನ್ ರೂಪಿಸಿದ. ಒತ್ತಡದ ಸಾರಜನಕ ಎಣ್ಣೆಯನ್ನು ನೊರೆಗಟ್ಟದಂತೆ ಹಿಡಿಯುತ್ತದೆ. ಶಾಖ ನೇರವಾಗಿ ಹೊರಗೋಡೆಗೆ ಬಂದು ಗಾಳಿಗೆ ಹೋಗುತ್ತದೆ.

ಹಾಗಾದರೆ ಮೋನೋಟ್ಯೂಬೇ ಮೇಲೆ? ದಾರಿ ನೋಡಿ ಹೇಳಬೇಕು. ಮರುಭೂಮಿಯ ಅಲೆಅಲೆ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ದಿನವಿಡೀ ಓಡುವವರಿಗೆ ಶಾಖವೇ ಶತ್ರು. ಸಂಸೆಯ ತೋಟದ ದಾರಿಯಲ್ಲಿ ಗಾಡಿ ಹತ್ತು ಹದಿನೈದು ಕಿ.ಮೀ. ವೇಗ ದಾಟುವುದೇ ಕಷ್ಟ. ಇಲ್ಲಿನ ಶತ್ರುಗಳು ಕೆಸರು, ತುಕ್ಕು, ಕಲ್ಲಿನ ಏಟು.

ಮೋನೋಟ್ಯೂಬಿನ ಹೊರಗೋಡೆಯಲ್ಲೇ ಪಿಸ್ಟನ್ ಓಡುತ್ತದೆ. ಕಲ್ಲು ಬಡಿದು ಗೋಡೆ ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬಿನಲ್ಲಿ ಹೊರಗಿನ ಕೊಳವೆ ಸ್ವಲ್ಪ ತಗ್ಗಾದರೂ ಒಳಗಿನದು ಬದುಕುತ್ತದೆ. ಹೊರೆ ಹೊತ್ತು ನಿಧಾನ ಏರುವ ಗಾಡಿಗೆ ಗ್ಯಾಸ್ ತುಂಬಿದ ಒಳ್ಳೆಯ ಟ್ವಿನ್ ಟ್ಯೂಬ್ ಧಾರಾಳ ಸಾಕು. ಪಕ್ಕದಲ್ಲಿ ಬೇರೆ ಎಣ್ಣೆಡಬ್ಬಿ ತೂಗುವ ದುಬಾರಿ ಮಾದರಿ ಈ ಕೆಲಸಕ್ಕೆ ಬೇಕಾಗಿಲ್ಲ. ಆ ದುಡ್ಡಿಗೆ ಒಳ್ಳೆಯ ಟೈರು ಬರುತ್ತದೆ.

ಕೊಳ್ಳುವಾಗ ನೋಡಬೇಕಾದ್ದು: ರಾಡಿಗೆ ಕೆಸರು ತಾಗದಂತೆ ಕವಚ ಇದೆಯೇ, ರಬ್ಬರ್ ಬುಷ್‌ಗಳು ಇಲ್ಲಿ ಬಿಡಿಯಾಗಿ ಸಿಗುತ್ತವೆಯೇ, ಎರಡು ವರ್ಷದ ಮೇಲೆ ಅದೇ ನಂಬರಿನದು ಮತ್ತೆ ಸಿಕ್ಕೀತೇ.

ಎರಡಿಂಚಿನ ಬೆಲೆ

ಒಂದು ಕಡೆ ಎತ್ತರ ಸಿಕ್ಕರೆ ಇನ್ನೊಂದು ಕಡೆ ಏನೋ ಕಳೆಯುತ್ತದೆ. ಈ ಭಾಗವನ್ನು ಮಾರುವವರು ಹೇಳುವುದು ಕಡಿಮೆ.

ಮೊದಲನೆಯದು ಉರುಳುವ ಅಪಾಯ. ಎಡಬಲ ಚಕ್ರಗಳ ಅಂತರವನ್ನು ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗಾಡಿಯ ಸ್ಥಿರತೆಯ ಅಂಕಿ ಬರುತ್ತದೆ. ಉದಾಹರಣೆಗೆ ಚಕ್ರಗಳ ಅಂತರ 1,500 ಮಿ.ಮೀ., ಭಾರಕೇಂದ್ರ 700 ಮಿ.ಮೀ. ಎತ್ತರದಲ್ಲಿದ್ದರೆ ಅಂಕಿ 1.07. ಗಾಡಿಯನ್ನು 50 ಮಿ.ಮೀ. ಎತ್ತಿ ಭಾರಕೇಂದ್ರವೂ ಹೆಚ್ಚುಕಡಿಮೆ ಅಷ್ಟೇ ಏರಿದರೆ ಅದು 1.00ಕ್ಕೆ ಇಳಿಯುತ್ತದೆ. ನೂರಕ್ಕೆ ಸುಮಾರು ಏಳು ಪಾಲು ಸ್ಥಿರತೆ ಹೋಯಿತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮೂಟೆ ಹೇರಿಕೊಂಡು ಇಳಿಯುವವರಿಗೆ ಅದು ಸಣ್ಣ ನಷ್ಟವಲ್ಲ.

ಎರಡನೆಯದು ಮುಂದಿನ ಚಕ್ರಕ್ಕೆ ತಿರುಗುಬಲ ಒಯ್ಯುವ ಸಿ.ವಿ. ಜಾಯಿಂಟ್. ಗಾಡಿ ಎದ್ದಷ್ಟೂ ಅದು ಓರೆಯಾಗಿ ತಿರುಗಬೇಕು. ರಬ್ಬರ್ ಬೂಟು ಹರಿಯುತ್ತದೆ, ಕೆಂಪು ಕೆಸರು ಒಳಗೆ ಹೊಗುತ್ತದೆ, ಗ್ರೀಸು ಮರಳಾಗಿ ಜಾಯಿಂಟನ್ನು ತಿನ್ನುತ್ತದೆ. ಮುಂದೆ ಕಾಯಿಲ್ ಇರುವ ಪಿಕಪ್‌ಗಳಿಗೆ 40ರಿಂದ 50 ಮಿ.ಮೀ. ದಾಟಬಾರದು ಎನ್ನುವುದು ಇದಕ್ಕೆ.

ಮೂರನೆಯದು ಬ್ರೇಕು. ಹಲವು ಪಿಕಪ್‌ಗಳ ಹಿಂದಿನ ಆಕ್ಸಲ್ ಬಳಿ ಹೊರೆಯನ್ನು ಅಳೆಯುವ ಒಂದು ಕವಾಟವಿದೆ. ಹಿಂಭಾಗ ಕುಸಿದರೆ ಹೊರೆಯಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹಿಂಭಾಗ ಎದ್ದಿದ್ದರೆ ಖಾಲಿಯಿದೆ ಎಂದು ಒತ್ತಡ ತಗ್ಗಿಸುತ್ತದೆ. ಪ್ಲೇಟು ಸೇರಿಸಿ ಎತ್ತಿದ ಗಾಡಿ ಪೂರ್ತಿ ತುಂಬಿದ್ದರೂ ಈ ಕವಾಟಕ್ಕೆ ಅದು ಅರ್ಧ ಖಾಲಿಯೆಂದೇ ಕಾಣುತ್ತದೆ. ಇಳಿಜಾರಿನಲ್ಲಿ ಹಿಂದಿನ ಬ್ರೇಕು ಸಾಲದೆ ಬರುತ್ತದೆ. ಅದರ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸದ ಹೊರತು ಗಾಡಿ ಗ್ಯಾರೇಜಿನಿಂದ ಹೊರಡಬಾರದು.

ಉಳಿದವು ಚಿಕ್ಕವಾದರೂ ಬಿಡುವಂತಿಲ್ಲ. ಬ್ರೇಕ್ ಪೈಪು, ಎಬಿಎಸ್ ವೈರು ಎಳೆದಾಡಬಾರದು. ವೀಲ್ ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟನ್ನು ಕೆಳಗಿಳಿಸಿ ಹೊಂದಿಸಬೇಕು. ಇಲ್ಲದಿದ್ದರೆ ಎದುರಿನಿಂದ ಬರುವ ಬೈಕಿನವರ ಕಣ್ಣು ಕುಕ್ಕುತ್ತದೆ. ಕೆಲಸವಾಗಿ ಸಾವಿರ ಕಿ.ಮೀ. ಓಡಿದ ಮೇಲೆ ಪಟ್ಟಿಯನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಿಸಬೇಕು.

ಬೇಡವೇ ಬೇಡ ಎನ್ನಬೇಕಾದವು

ಕಡಿಮೆ ಖರ್ಚಿನ ಉಪಾಯಗಳೂ ಗ್ಯಾರೇಜುಗಳಲ್ಲಿ ಸಿಗುತ್ತವೆ. ಕಾಯಿಲ್ ಮೇಲೆ ಕೂರಿಸುವ ಗಟ್ಟಿ ಬಿಲ್ಲೆ, ಅಂದರೆ ಸ್ಪೇಸರ್, ಅವುಗಳಲ್ಲೊಂದು. ಸ್ಪ್ರಿಂಗ್ ಚಕ್ರಕ್ಕಿಂತ ಒಳಗಡೆ ಇರುವುದರಿಂದ 25 ಮಿ.ಮೀ. ಬಿಲ್ಲೆ ಚಕ್ರದ ಬಳಿ ಸುಮಾರು 40 ಮಿ.ಮೀ. ಎತ್ತರವಾಗಿ ಕಾಣಬಹುದು. ಎತ್ತರವೇನೋ ಬಂತು, ಹೊರುವ ಶಕ್ತಿ ಒಂದು ಕೆ.ಜಿ.ಯಷ್ಟೂ ಹೆಚ್ಚಲಿಲ್ಲ. ಅಳತೆ ಮೀರಿದ ಬಿಲ್ಲೆಯಿಂದ ಮೇಲಿನ ಬಾಲ್ ಜಾಯಿಂಟ್ ತನ್ನ ಮಿತಿಗೆ ಬಂದು ಸವೆಯುತ್ತದೆ.

ಹಿಂಭಾಗದಲ್ಲಿ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಕಟ್ಟುವ ಕಬ್ಬಿಣದ ಬ್ಲಾಕು ಒಂದರ ಮೇಲೊಂದು ಪೇರಿಸಬಾರದು. ಮುಂದಿನ ಆಕ್ಸಲ್ಲಿಗಂತೂ ಯಾವತ್ತೂ ಬೇಡ. ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಬ್ಲಾಕು ಜಾರಿದರೆ ಸ್ಟಿಯರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಕಾಯಿಲ್ ಸ್ಪ್ರಿಂಗನ್ನು ಬೆಂಕಿಗೆ ಹಿಡಿದು ಎಳೆದು ಉದ್ದ ಮಾಡುವುದು, ಮುರಿದ ಪ್ಲೇಟಿಗೆ ವೆಲ್ಡಿಂಗ್ ಹಾಕುವುದು ಇವೆರಡೂ ಅಪಾಯ. ಸ್ಪ್ರಿಂಗ್ ಉಕ್ಕಿನ ಗುಣವಿರುವುದು ಅದನ್ನು ಕಾಸಿ ತಣಿಸಿದ ಹದದಲ್ಲಿ. ಗ್ಯಾಸ್ ಜ್ವಾಲೆ ಆ ಹದವನ್ನು ಕೆಡಿಸುತ್ತದೆ. ಮುರಿಯುವುದು ಯಾವಾಗ ಎಂಬುದಷ್ಟೇ ಬಾಕಿ.

▪ ಬಾಕ್ಸ್: ಕಾನೂನು ಏನೆನ್ನುತ್ತದೆ?

• 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

• 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಟಿಗೆ ₹5,000 ದಂಡ, ಇಲ್ಲವೇ ಎರಡೂ.

• ಬಂಪರ್ ಮುಂದೆ ಕಟ್ಟುವ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ.

• ಬಿಗಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ ಏರುವುದಿಲ್ಲ. ಮಿತಿ ಮೀರಿದ ಹೊರೆಗೆ ಕಾಯ್ದೆಯಲ್ಲಿ ₹20,000 ದಂಡ, ಜತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ ₹2,000.

• ಸವೆದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನು ಕಂಪನಿಯ ಅಳತೆಯವೇ ಹಾಕಿ ಬದಲಿಸುವುದು ರಿಪೇರಿ. ಅದಕ್ಕಿಂತ ಮುಂದೆ ಹೋಗುವವರು ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಮೊದಲೇ ವಿಚಾರಿಸಿಕೊಳ್ಳಬೇಕು.

ರ‍್ಯಾಲಿ ಕಲಿಸುವ ಪಾಠ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ ಸುತ್ತುಗಳು ನಡೆದಿವೆ. 2016ರಲ್ಲಿ ಗೌರವ್ ಗಿಲ್ ಇಲ್ಲಿ ಗೆದ್ದದ್ದು ಸ್ಕೋಡಾ ಫೇಬಿಯಾ ಆರ್5 ಕಾರಿನಲ್ಲಿ. ಅಂಥ ಕಾರು ನೋಡಲು ಎತ್ತರವೇನಲ್ಲ. ಅದರ ಬಲವಿರುವುದು ಚಕ್ರ ಮೇಲೆ ಕೆಳಗೆ ಆಡುವ ಉದ್ದದಲ್ಲಿ, ಆ ಆಟವನ್ನು ಹದದಲ್ಲಿಡುವ ಶಾಕ್ ಅಬ್ಸಾರ್ಬರ್‌ನಲ್ಲಿ. ಚಕ್ರ ನೆಲ ಬಿಡಬಾರದು. ಮಣ್ಣಿನ ದಾರಿಯಲ್ಲಿ ಓಡುವ ಯಾವ ಗಾಡಿಗೂ ಮೊದಲ ಸೂತ್ರ ಇದೇ.

ಮುಳ್ಳೋಡಿಯ ಏರಿನಲ್ಲಿ ಹಳೆಯ ಜೀಪು ಓಡಿಸುವವರ ಜಾಣ್ಮೆಯೂ ಇದರಿಂದ ದೂರವಿಲ್ಲ. ಚಕ್ರವನ್ನು ಕೊರಕಲಿನ ಒಳಗೆ ಬಿಡದೆ ಅದರ ಅಂಚಿನಲ್ಲೂ ನಡುದಿಬ್ಬದಲ್ಲೂ ನಡೆಸುತ್ತಾರೆ. ಕಲ್ಲನ್ನು ಚಾಸಿಯಡಿಗೆ ತರದೆ ಟೈರಿನ ಕೆಳಗೇ ತರುತ್ತಾರೆ. ವೇಗ ತೀರಾ ಕಡಿಮೆ. ಈ ಕೈಚಳಕಕ್ಕೆ ಬದಲಿಯಾಗುವ ಸ್ಪ್ರಿಂಗ್ ಇನ್ನೂ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ.

ಹಿಂದೆ ನಿಂತವರ ತೂಕ

ಕೊಯ್ಲಿನ ದಿನಗಳಲ್ಲಿ ಲೈನು ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ ಕಾರ್ಮಿಕರು ಪಿಕಪ್ಪಿನ ಹಿಂದೆ ನಿಂತು ಹೋಗುವುದು ಮಲೆನಾಡಿನಲ್ಲಿ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ರೂಢಿಯಾದದ್ದಕ್ಕೇ ಇದನ್ನು ಜೋರಾಗಿ ಹೇಳಬೇಕು. ಸರಕು ಸಾಗಣೆ ವಾಹನದಲ್ಲಿ ಹೀಗೆ ಜನರನ್ನು ಒಯ್ಯುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಭೌತಶಾಸ್ತ್ರವೂ ಅದನ್ನು ಒಪ್ಪುವುದಿಲ್ಲ.

ಹತ್ತು ಮಂದಿ, ತಲಾ 55 ಕೆ.ಜಿ. ಎಂದರೆ 550 ಕೆ.ಜಿ. ಅಷ್ಟೇ ತೂಕದ ಮೂಟೆಗಳು ತಟ್ಟೆಯಲ್ಲಿ ತಳಕ್ಕಂಟಿ ಕೂರುತ್ತವೆ. ನಿಂತವರ ತೂಕ ತಟ್ಟೆಗಿಂತ ಒಂದು ಮೀಟರ್‌ನಷ್ಟು ಮೇಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಎರಡಿಂಚು ಎತ್ತಿ ಸ್ಥಿರತೆ ಕಳೆದುಕೊಂಡ ಗಾಡಿಯ ಮೇಲೆ ಈ ಭಾರ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಎತ್ತಿದ ಪಿಕಪ್ಪಿನ ಹಿಂದೆ ಒಬ್ಬರೂ ನಿಲ್ಲಬಾರದು. ಜನಕ್ಕೆ ಸೀಟಿರುವ ಬೇರೆ ಗಾಡಿ ಬರಲಿ, ಇಲ್ಲವೇ ನಡಿಗೆಯ ಹೊತ್ತಿಗೂ ಕೂಲಿ ಸಲ್ಲಲಿ.

▪ ಬಾಕ್ಸ್: ಖರ್ಚು ಮಾಡುವ ಕ್ರಮ

1. ದಾರಿ: ಅಡ್ಡಲಾಗಿ ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ. ಕೊರಕಲಿಗೆ ಕಲ್ಲು ತುಂಬಿಸಿ.

2. ತೂಕ: ವೇಬ್ರಿಡ್ಜ್ ಚೀಟಿ. ಖಾಲಿ ಒಂದು, ಹೊರೆಯೊಂದಿಗೆ ಒಂದು.

3. ಸವೆತ: ಸತ್ತ ಪಟ್ಟಿ, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್, ಹರಿದ ಬುಷ್ ಮೊದಲು ಬದಲಿಸಿ.

4. ಟೈರು: ಕೆಸರಿಗೆ ಹಿಡಿಯುವ ಹಲ್ಲಿನದು, ಅನುಮತಿಯಿರುವ ಅಳತೆಯಲ್ಲಿ.

5. ಸ್ಪ್ರಿಂಗ್: ಚೀಟಿಯ ಅಂಕಿಗೆ ತಕ್ಕ ಬಿಗಿ. ಎತ್ತರ 40 ಮಿ.ಮೀ. ಆಸುಪಾಸು.

6. ಶಾಕ್ ಅಬ್ಸಾರ್ಬರ್: ಹೊಸ ಸ್ಪ್ರಿಂಗಿನ ಬಿಗಿಗೂ ಉದ್ದಕ್ಕೂ ಹೊಂದುವ ಜೋಡಿ.

7. ಹೊಂದಾಣಿಕೆ: ಅಲೈನ್‌ಮೆಂಟ್, ಬ್ರೇಕ್ ಕವಾಟ, ಹೆಡ್‌ಲೈಟ್.

ಈ ಪಟ್ಟಿಯಲ್ಲಿ ಎತ್ತರಕ್ಕೆ ಸಿಕ್ಕಿರುವುದು ಐದನೇ ಸಾಲು. ಅದಕ್ಕೆ ಕಾರಣವಿದೆ. ದಾರಿಯ ನೀರು ತಿರುಗಿಸಿದರೆ ಕೊರಕಲೇ ಕಡಿಮೆಯಾಗುತ್ತದೆ. ಸವೆದದ್ದನ್ನು ಬದಲಿಸಿದರೆ ಕುಸಿದ ಗಾಡಿ ತಾನೇ ಏಳುತ್ತದೆ. ಹೀಗೆ ನಾಲ್ಕು ಸಾಲು ದಾಟುವಷ್ಟರಲ್ಲಿ ಅನೇಕರಿಗೆ ಎತ್ತುವ ಅಗತ್ಯವೇ ಉಳಿಯುವುದಿಲ್ಲ. ಉಳಿದವರಿಗೆ ಎಷ್ಟು ಎತ್ತಬೇಕು, ಎಂಥ ಸ್ಪ್ರಿಂಗಿನಿಂದ ಎತ್ತಬೇಕು ಎಂಬುದು ಆ ಹೊತ್ತಿಗೆ ಖಚಿತವಾಗಿ ಗೊತ್ತಿರುತ್ತದೆ.

ತೋಟದ ಪಿಕಪ್ ದುಡಿಯುವ ಗಾಡಿ. ಅದರ ಯೋಗ್ಯತೆಯನ್ನು ಅಳೆಯಬೇಕಾದ್ದು ಹೊತ್ತ ಹೊರೆಯೊಂದಿಗೆ, ಓಡಿಸಿದವನೊಂದಿಗೆ, ಬ್ರೇಕು ಕೈಕೊಡದೆ, ಮಗುಚದೆ ಅದು ಎಷ್ಟು ಕೊಯ್ಲು ಮುಗಿಸಿತು ಎಂಬುದರಿಂದ. ಈ ವರ್ಷದ ಮೊದಲ ಮೂಟೆ ಹೇರುವ ಮುನ್ನ ಗಾಡಿಯನ್ನು ಒಮ್ಮೆ ತೂಗಿಸಿ. ಆ ಒಂದು ಚೀಟಿಗೆ ತಗಲುವ ಖರ್ಚು ಅತ್ಯಲ್ಪ. ತಪ್ಪು ಸ್ಪ್ರಿಂಗಿಗೆ ತೆರುವ ಬೆಲೆ ದುಡ್ಡಿನಲ್ಲಿ ಮುಗಿಯುವಂಥದ್ದಲ್ಲ.